ಅಕ್ಕ ಮೊದಲು ಬಂದ ವಾರಗಳು

"ಈ ಟಿಕ್ ತೆಗೀಲಾ, ಇಡ್ಲಾ?" ಎಂದು ಕೇಳಿದ ರೀಡಿಂಗಪ್ಪ, ಮೌಸಿನ ಮೇಲಿನ ಕೈ ತೆಗೆಯದೆ.

"ಏನು ಎತ್ತ ಅಂತ ಹೇಳದೆ ತೆಗೀಲಾ ಇಡ್ಲಾ ಅಂದ್ರೆ ನಂಗೇನು ಗೊತ್ತಾಗುತ್ತೆ?" ಎಂದಳು ಅಕ್ಕ. ಕುರ್ಚಿ ತನ್ನದು ಎನ್ನುವುದು ತಮ್ಮನಿಗೆ ಮರೆತುಹೋಗದಿರಲಿ ಎಂದೋ ಏನೋ, ಅದರ ಬೆನ್ನು ಹಿಡಿದುಕೊಂಡೇ ನಿಂತಿದ್ದಳು.

"ನೀನು ಕಂಪ್ಯೂಟರ್ ಬಳಸ್ತಾ ಇರುವಾಗಲೂ ಇದು ಲೆಕ್ಕ ಮಾಡ್ತಾ ಇರಬೇಕೋ, ಬೇಡ್ವೋ ಅಂತ ಕೇಳ್ತಿದೆ."

"ಬೇಡಪ್ಪ. ನಾನು ಟೈಪ್ ಮಾಡೋ ಹೊತ್ತಲ್ಲಿ ನಿನ್ನ ವಿಜ್ಞಾನಿಗಳು ಬಂದು ಅಡ್ಡ ಕೂರೋದು ಬೇಡ. ನಾನು ಎದ್ದು ಹೋದ್ಮೇಲೆ ಏನಾದ್ರೂ ಮಾಡ್ಕೊಳ್ಲಿ."

ರೀಡಿಂಗಪ್ಪ ಟಿಕ್ ತೆಗೆದ. ಅದರ ಕೆಳಗೆ, ಎಷ್ಟು ನಿಮಿಷ ಕಾಯಬೇಕು ಎಂದು ಕೇಳುವ ಸಣ್ಣ ಚೌಕವಿತ್ತು. ಅಲ್ಲಿ ಮೂರು ಎಂದು ಹಾಕಿದ. "ನೋಡು, ನೀನು ಕೈ ತೆಗೆದು ಮೂರು ನಿಮಿಷ ಆದ್ರೆ ಇದು ಶುರು. ಮತ್ತೆ ನೀನೊಂದು ಬೆರಳು ಇಟ್ರೆ ಸಾಕು, ನಿಂತುಬಿಡುತ್ತೆ. ಅತ್ತೆ ಬಂದ ತಕ್ಷಣ ಸೊಸೆ ಎದ್ದು ಜಾಗ ಬಿಟ್ಟ ಹಾಗೆ."

"ಅಂಥ ಸೊಸೆ ಎಲ್ಲಿದಾಳೆ, ತೋರ್ಸು," ಎಂದಳು ಅಕ್ಕ.

ಟಿಕ್ ತೆಗೆದವನು ಅವನೇ, ಮೂರು ಎಂದು ಹಾಕಿದವನೂ ಅವನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಎರಡು ವರ್ಷದ ಮೇಲೆ, ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಅವನು ಎಷ್ಟು ಹುಡುಕಿದರೂ ಬೇರೆ ಯಾರೂ ಸಿಗಲಿಲ್ಲ.

ರೀಡಿಂಗಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಇಪ್ಪತ್ತಾರು ವರ್ಷ ಮನೆ ಮನೆಯ ಬಾಗಿಲಲ್ಲಿ ನಿಂತು "ರೀಡಿಂಗ್" ಎಂದು ಕೂಗಿ, ಕರೆಂಟಿನ ಮೀಟರ್ ನೋಡಿ ಅಂಕಿ ಬರೆದುಕೊಂಡು ಹೋದದ್ದಕ್ಕೆ ಬೀದಿಯವರು ಕೊಟ್ಟ ಬಿರುದು. ಅವನಿಗೂ ಅದರ ಬಗ್ಗೆ ಒಳಗೊಳಗೇ ಜಂಭವಿತ್ತು. "ಮನುಷ್ಯ ಸುಳ್ಳು ಹೇಳ್ತಾನೆ, ಮೀಟರ್ ಹೇಳಲ್ಲ," ಎನ್ನುತ್ತಿದ್ದ. "ಓಡ್ತಾ ಇದ್ರೆ ಮನೇಲಿ ಜನ ಇದಾರೆ, ಚೆನ್ನಾಗಿದಾರೆ. ನಿಂತಿದ್ರೆ ಹೋಗಿ ನೋಡ್ಬೇಕು." ಒಮ್ಮೆ, ಯಾವಾಗಲೂ ಗಿರ್ರೆಂದು ತಿರುಗುವ ಮೀಟರೊಂದು ನಿಂತದ್ದನ್ನು ಕಂಡು, ಅಕ್ಕಪಕ್ಕದವರನ್ನು ಕೂಗಿ, ಬಾಗಿಲು ಒಡೆಸಿ, ಬಚ್ಚಲಲ್ಲಿ ಬಿದ್ದಿದ್ದ ಮೇಷ್ಟ್ರೊಬ್ಬರನ್ನು ಅವನು ಉಳಿಸಿದ್ದು ನಿಜ. ಆ ಕಥೆಯನ್ನು ನಾಲ್ಕು ಸಲವಾದರೂ ಕೇಳದವರು ಅವನ ಬಳಗದಲ್ಲಿ ಯಾರೂ ಇರಲಿಲ್ಲ.

ಅವರ ಅಮ್ಮ ಮರೆವಿನ ಕಾಯಿಲೆಯಲ್ಲಿ ಹೋದವಳು. ಒಂಬತ್ತು ವರ್ಷ ಒಂದೊಂದೇ ಮರೆಯುತ್ತ ಬಂದು, ಕೊನೆಗೊಂದು ದಿನ ಮಗನನ್ನು "ಯಾರಪ್ಪಾ, ರೀಡಿಂಗಿಗೆ ಬಂದ್ಯಾ?" ಎಂದು ಕೇಳಿದ್ದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತ. ಆ ಒಂಬತ್ತು ವರ್ಷವೂ ಅಮ್ಮನನ್ನು ನೋಡಿಕೊಂಡವಳು ಅಕ್ಕ. ಮದುವೆ ಗಿದುವೆ ಏನೂ ಬೇಡ ಎಂದವಳು, ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ, ಬರೆಯುವವರ ಹಸ್ತಪ್ರತಿಗಳನ್ನು ಟೈಪ್ ಮಾಡಿಕೊಡುತ್ತ, ನಡುನಡುವೆ ಎದ್ದು ಅಮ್ಮನ ಬಾಯಿಗೆ ತುತ್ತಿಡುತ್ತ ಕಾಲ ಕಳೆದಳು. ಅಮ್ಮ ಹೋದ ಮೇಲೆ ಟೈಪಿಂಗ್ ಮಾತ್ರ ಉಳಿಯಿತು. ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ಏಳಕ್ಕೆ ಏಳುತ್ತಿದ್ದಳು. ಎಂಥ ಕೋಳಿಕಾಲು ಅಕ್ಷರವಿದ್ದರೂ ಓದಿ, ಕಾಗುಣಿತದ ತಪ್ಪನ್ನೂ ತಿದ್ದಿ ಕೊಡುತ್ತಾಳೆ ಎಂದು ಊರಿನ ಬರಹಗಾರರೆಲ್ಲ ಅವಳ ಮೂರು ಮಹಡಿ ಹತ್ತುತ್ತಿದ್ದರು.

ಈ ಲೆಕ್ಕ ಮಾಡುವ ಪ್ರೋಗ್ರಾಮಿನ ಸುದ್ದಿ ತಂದವಳು ರೀಡಿಂಗಪ್ಪನ ಮಗಳು. ಅವಳು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. "ಅಜ್ಜಿಗೆ ಬಂದಿತ್ತಲ್ಲ, ಆ ಕಾಯಿಲೆ ಹೇಗೆ ಹುಟ್ಟುತ್ತೆ ಅಂತ ಹುಡುಕೋರ ಹತ್ರ ಬೆಟ್ಟದಷ್ಟು ಲೆಕ್ಕ ಇರುತ್ತಂತೆ, ಅಪ್ಪ. ಅದನ್ನ ಚೂರು ಚೂರು ಮಾಡಿ ಮನೆ ಮನೆ ಕಂಪ್ಯೂಟರಿಗೆ ಹಂಚ್ತಾರೆ. ಕಂಪ್ಯೂಟರ್ ಸುಮ್ನೆ ಕೂತಿರೋ ಹೊತ್ತಲ್ಲಿ ಒಂದೊಂದು ಚೂರು ಮಾಡಿ ವಾಪಸ್ ಕಳ್ಸುತ್ತೆ. ಮಾಡಿದ್ದಕ್ಕೆ ಪಾಯಿಂಟ್ ಕೊಡ್ತಾರೆ."

ಪಾಯಿಂಟ್ ಎಂದದ್ದೇ ತಡ, ರೀಡಿಂಗಪ್ಪನ ಕಿವಿ ನೆಟ್ಟಗಾಯಿತು. ಒಂದೇ ತಿಂಗಳಲ್ಲಿ ಅವನು ತನ್ನ ಮನೆಯ ಕಂಪ್ಯೂಟರಿಗೆ, ಮಗಳದಕ್ಕೆ, ಅಕ್ಕನದಕ್ಕೆ, ಛಾಪಖಾನೆ ನಡೆಸುವ ದೊಡ್ಡಪ್ಪನ ಮಗನ ಎರಡು ಕಂಪ್ಯೂಟರಿಗೆ ಅದನ್ನು ಹಾಕಿ ಒಂದು ತಂಡ ಮಾಡಿದ. ತಂಡದ ಹೆಸರು ಅಮ್ಮನ ಕಡೆಯವರು. ಪ್ರತಿ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಕನ್ನಡಕ ಒರೆಸಿ, ತಂಡದ ಪಟ್ಟಿ ತೆರೆದು, ಆ ವಾರ ಯಾರ ಮನೆಯದು ಎಷ್ಟಾಯಿತೆಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ ಒಬ್ಬೊಬ್ಬರಿಗೂ ಫೋನು. ಹೆಂಡತಿ ಅಡುಗೆಮನೆಯಿಂದಲೇ "ಭಾನುವಾರವೂ ರೀಡಿಂಗ್ ತಪ್ಪಲಿಲ್ಲ ನಿಮಗೆ," ಎನ್ನುತ್ತಿದ್ದಳು.

ಮೊದಮೊದಲು ಛಾಪಖಾನೆಯ ಅಣ್ಣ ಯಾವಾಗಲೂ ಮೇಲೆ, ಅಕ್ಕ ಯಾವಾಗಲೂ ಕೆಳಗೆ. ಮಗಳು ತಾನು ಬಿಟ್ಟ ಒಳ್ಳೆಯ ಕಂಪ್ಯೂಟರನ್ನೇ ಅತ್ತೆಗೆ ಕೊಟ್ಟಿದ್ದಳು. ಆದರೆ ಹಗಲೆಲ್ಲ ಅಕ್ಕನ ಬೆರಳು ಅದರ ಮೇಲೆ ಆಡುತ್ತಿರುವಾಗ ಅದು ಲೆಕ್ಕ ಮಾಡುವುದಾದರೂ ಯಾವಾಗ? ಸಂಜೆ ಎದ್ದವಳು ಆರಿಸಿಯೇ ಏಳುತ್ತಿದ್ದಳು. ಉರಿಯುವುದನ್ನು ಉರಿಯಲು ಬಿಟ್ಟು ಹೋಗಬಾರದು ಎಂದು ಅಮ್ಮ ಕಲಿಸಿದ ಪಾಠ ಅದು.

"ಅಕ್ಕಾ, ನೀನು ಕೊನೇ ಬೆಂಚು," ಎಂದು ಅವನು ಛೇಡಿಸುತ್ತಿದ್ದ. "ಆರಿಸ್ಬೇಡ್ವೇ. ಹಾಗೇ ಬಿಡು. ಅಮ್ಮನ ಕೆಲಸ ಅದು."

"ಆಯ್ತು ಕಣೋ, ಬಿಡ್ತೀನಿ," ಎನ್ನುತ್ತಿದ್ದಳು. ಬಿಡುತ್ತಿರಲಿಲ್ಲ.

ಎರಡನೆಯ ವರ್ಷದ ನಡುವೆ ಒಂದು ಭಾನುವಾರ ಫೋನಿನಲ್ಲಿ ಅವಳೇ ಕೇಳಿದಳು. "ಈ ಪರದೇಲಿ ಗೆರೆಗಳೆಲ್ಲ ಸೊಟ್ಟ ಕಾಣ್ತಾ ಇವೆ ಕಣೋ. ಸಾಲು ನಡುವಲ್ಲಿ ಬಗ್ಗಿದ ಹಾಗೆ. ಏನು ಮಾಡ್ಲಿ?"

"ಹಿಂದೆ ಕೇಬಲ್ ಇದ್ಯಲ್ಲ, ಅದು ಸಡಿಲ ಆಗಿರುತ್ತೆ. ಬಿಗಿ ಮಾಡು," ಎಂದ ರೀಡಿಂಗಪ್ಪ. ಹೇಳುವಾಗ ಅವನ ಕಣ್ಣು ಪಟ್ಟಿಯ ಮೇಲೇ ಇತ್ತು.

ಅದಾದ ಎರಡು ತಿಂಗಳಿಗೆ ಅಕ್ಕನ ಅಂಕಿ ಏರತೊಡಗಿತು. ಮೊದಲ ವಾರ ಅವನ ಮನೆಯನ್ನು ದಾಟಿತು. ಮುಂದಿನ ವಾರ ಮಗಳದನ್ನು. ನಾಲ್ಕನೆಯ ವಾರ ಛಾಪಖಾನೆಯ ಎರಡೂ ಕಂಪ್ಯೂಟರುಗಳನ್ನು ಹಿಂದೆ ಹಾಕಿ ಅಕ್ಕ ಪಟ್ಟಿಯ ತುದಿಯಲ್ಲಿ ಕೂತಳು. ಕೊನೆಗೂ ತನ್ನ ಮಾತು ಕೇಳಿ ಆರಿಸದೆ ಬಿಟ್ಟಿದ್ದಾಳೆ ಎಂದು ರೀಡಿಂಗಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಅಕ್ಕಾ, ಫಸ್ಟ್ ಬಂದ್ಬಿಟ್ಯಲ್ಲೇ. ಛಾಪಖಾನೆ ಅಣ್ಣ ಹೊಟ್ಟೆ ಉರ್ಕೊಂಡು ಕೂತಿದಾನೆ."

"ಹೌದಾ?" ಎಂದಳು ಅಕ್ಕ. ನಕ್ಕಳು. "ನಿಂಗೆ ಖುಷಿ ಆಯ್ತಾ?"

"ಆಗ್ದೆ ಇರುತ್ತಾ?"

"ಹಾಗಾದ್ರೆ ಸರಿ." ಆಮೇಲೆ ಕೇಳಿದಳು: "ಯಾವಾಗ ಬರ್ತೀಯ ಈ ಕಡೆ?"

"ಬರ್ತೀನಿ, ಬರ್ತೀನಿ. ಈ ತಿಂಗಳ ರೀಡಿಂಗ್ ಒಂದು ಮುಗೀಲಿ."

ಆ ತಿಂಗಳ ರೀಡಿಂಗ್ ಮುಗಿಯಿತು, ಅದರ ಮುಂದಿನದೂ ಮುಗಿಯಿತು. ಮೊದಲು ಹದಿನೈದು ದಿನಕ್ಕೊಮ್ಮೆಯಾದರೂ ಅಕ್ಕನ ಮನೆಗೆ ಹೋಗಿ ಬರುತ್ತಿದ್ದವನು ಈಗ ಹೋಗುವುದನ್ನೇ ಬಿಟ್ಟ. ಬೇಕೆಂದು ಬಿಟ್ಟದ್ದಲ್ಲ. ಹೊರಡಬೇಕು ಎಂದುಕೊಂಡಾಗಲೆಲ್ಲ ಒಮ್ಮೆ ಪಟ್ಟಿ ತೆರೆದು ನೋಡುತ್ತಿದ್ದ. ಅಕ್ಕನ ಅಂಕಿ ಓಡುತ್ತಿರುತ್ತಿತ್ತು, ಬೇರೆಲ್ಲರಿಗಿಂತ ಜೋರಾಗಿ. ಓಡುತ್ತಿದೆ ಎಂದರೆ ಚೆನ್ನಾಗಿದ್ದಾಳೆ. ನೋಡಿದ ಹಾಗೇ ಆಯಿತಲ್ಲ ಎಂದುಕೊಂಡು ಚಪ್ಪಲಿ ಬಿಚ್ಚಿಡುತ್ತಿದ್ದ. ಇಪ್ಪತ್ತಾರು ವರ್ಷ ಒಂದೇ ಥರ ಓದಿದ ಕಣ್ಣು, ಇನ್ನೊಂದು ಥರ ಓದಬೇಕೆಂದರೆ ಎಲ್ಲಿಂದ ಬರಬೇಕು? ಹೀಗೆಂದು ಅವನ ಪರವಾಗಿ ಬೇರೆಯವರು ಹೇಳಬಹುದು. ಅವನು ಮಾತ್ರ ಆಮೇಲೆ ಒಮ್ಮೆಯೂ ಹೇಳಿಕೊಳ್ಳಲಿಲ್ಲ.

ಮಗಳು ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಬಂದಿದ್ದಳು. ಊಟವಾದ ಮೇಲೆ ರೀಡಿಂಗಪ್ಪ ಅವಳನ್ನು ಕರೆದು, "ನೋಡಿಲ್ಲಿ, ನಿಮ್ಮತ್ತೆ ಸತತ ಹದಿನೇಳನೇ ವಾರ ಫಸ್ಟು," ಎಂದು ಪಟ್ಟಿ ತೋರಿಸಿದ. ಮಗಳು ಕೈ ಒರೆಸಿಕೊಳ್ಳುತ್ತ ಬಂದು, ಅಕ್ಕನ ಸಾಲಿನ ಮೇಲೆ ಒತ್ತಿದಳು. ಅಲ್ಲಿ ಒತ್ತಿದರೆ ಇನ್ನೊಂದು ಪುಟ ತೆರೆಯುತ್ತದೆ ಎನ್ನುವುದು ಅಷ್ಟು ದಿನ ಅವನಿಗೆ ಗೊತ್ತೇ ಇರಲಿಲ್ಲ. ದಿನಕ್ಕೆ ಎಷ್ಟು ಗಂಟೆ ಲೆಕ್ಕ ಮಾಡಿದೆ ಎಂದು ಅಲ್ಲಿ ಬರೆದಿತ್ತು.

"ಅಪ್ಪ, ಇದು ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಓಡಿದೆ."

"ಅದೇ ಮತ್ತೆ. ಆರಿಸೋದೇ ಇಲ್ಲ ಈಗ."

"ಆರಿಸಲ್ಲ, ಸರಿ. ಅತ್ತೆ ಟೈಪ್ ಮಾಡೋದು ಯಾವಾಗ?"

"ಬೆಳಿಗ್ಗೆ ಎಂಟರಿಂದ..." ಎಂದು ಶುರುಮಾಡಿದವನು ಅಲ್ಲೇ ನಿಂತ.

"ಮುಟ್ಟಿದ್ರೆ ನಿಲ್ಬೇಕು ಅಂತ ನೀನೇ ಹಾಕಿದ್ಯಲ್ಲ," ಎಂದಳು ಮಗಳು. ಪುಟವನ್ನು ಹಿಂದಕ್ಕೆ ಸರಿಸುತ್ತ ಹೋದಳು. ಇಪ್ಪತ್ನಾಲ್ಕು, ಇಪ್ಪತ್ನಾಲ್ಕು, ಇಪ್ಪತ್ನಾಲ್ಕು. ನಡುವೆ ಒಂದು ದಿನ ಇಪ್ಪತ್ಮೂರು. ಬಹುಶಃ ಕರೆಂಟು ಹೋಗಿ, ಬಂದೊಡನೆ ಕಂಪ್ಯೂಟರ್ ತಾನಾಗಿ ಎದ್ದಿತ್ತು. "ಅಪ್ಪ, ನಾಲ್ಕೈದು ತಿಂಗಳಿಂದ ಈ ಕಂಪ್ಯೂಟರನ್ನ ಯಾರೂ ಮುಟ್ಟೇ ಇಲ್ಲ."

ರೀಡಿಂಗಪ್ಪ ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಳ್ಳದೆಯೇ ಹೊರಟ. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ, ಬೆಳಿಗ್ಗೆಯಷ್ಟೇ ಫೋನಿನಲ್ಲಿ ಮಾತಾಡಿದ್ದಾಳಲ್ಲ, ಏನೂ ಆಗಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮೂರು ಮಹಡಿಯನ್ನೂ ಎರಡೆರಡು ಮೆಟ್ಟಿಲು ದಾಟುತ್ತ ಹತ್ತಿದ. ಬಾಗಿಲು ತಟ್ಟುವ ಮೊದಲೇ ಒಳಗಿನಿಂದ ದನಿ ಬಂತು.

"ಬಾರೋ. ಚಿಲಕ ಹಾಕಿಲ್ಲ. ಯಾಕೆ ಹಾಗೆ ಓಡ್ಕೊಂಡು ಬರ್ತಿದೀಯ?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನೋಡಲು ಮೊದಲಿನ ಹಾಗೇ ಇದ್ದಳು. ಸೀರೆ ಅಚ್ಚುಕಟ್ಟು, ತಲೆಗೂದಲು ಅಚ್ಚುಕಟ್ಟು. ಆದರೆ ಅವನನ್ನು ನೋಡುವಾಗ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು, ಕಿಟಕಿಯ ಕಡೆ ಯಾರಾದರೂ ಇದ್ದಾರೇನೋ ಎಂಬಂತೆ ನಿಂತಳು. ಒಲೆಯ ತಿರುಗಣೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿತ್ತು. ಉಪ್ಪಿನ ಡಬ್ಬಿಗೆ ಒಂದು, ಸಕ್ಕರೆ ಡಬ್ಬಿಗೆ ಎರಡು.

ಹೊರಕೋಣೆಯಲ್ಲಿ ಕಂಪ್ಯೂಟರ್ ಗುಂಯ್ ಎನ್ನುತ್ತಿತ್ತು. ಪರದೆ ಕಪ್ಪಾಗಿತ್ತು. ಕೀಬೋರ್ಡಿನ ಮೇಲೆ ಅಕ್ಕನೇ ಹೊಲಿದ ಬಟ್ಟೆಯ ಮುಸುಕು. ಮೇಜಿನ ಎಡಕ್ಕೆ ಯಾವಾಗಲೂ ಇರುತ್ತಿದ್ದ ಹಸ್ತಪ್ರತಿಗಳ ಕಟ್ಟುಗಳು ಇರಲಿಲ್ಲ.

"ಅಕ್ಕಾ, ನಿನ್ನ ಕೆಲಸ ಎಲ್ಲಿ?"

"ವಾಪಸ್ ಕೊಟ್ಟೆ. ಕೆಳಗಿನ ಮನೆ ದರ್ಜಿ ಇದಾಳಲ್ಲ, ಅವಳ ಕೈಲೇ ಒಬ್ಬೊಬ್ಬರಿಗೂ ಕಳಿಸ್ಕೊಟ್ಟೆ. ಕೂತ್ಕೋ."

ಅವನು ಕೂರಲಿಲ್ಲ. ಅವಳ ಮುಂದೆ ಹೋಗಿ ನಿಂತ. "ನನ್ನ ಮುಖ ನೋಡು."

"ನೋಡ್ತಾನೇ ಇದೀನಿ. ನಡುವಲ್ಲಿ ಏನೂ ಇಲ್ಲ ಕಣೋ, ಬರೀ ಮಸಿ. ಅಂಚಲ್ಲಿ ಕಾಣುತ್ತೆ. ನಿನ್ನ ಕಿವಿ ಕಾಣ್ತಿದೆ. ಅಪ್ಪಂದೇ ಕಿವಿ ನಿಂದು. ಮುಖ ಕಾಣಲ್ಲ."

"ಯಾಕೆ ಹೇಳ್ಲಿಲ್ಲ?" ರೀಡಿಂಗಪ್ಪನ ದನಿ ಏರಿತು. "ಪ್ರತಿ ವಾರ ಫೋನ್ ಮಾಡ್ತಿದ್ನಲ್ಲ, ಒಂದು ಮಾತು ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲಪ್ಪ. ಗೆರೆ ಸೊಟ್ಟ ಕಾಣ್ತವೆ ಅಂದೆ. ಕೇಬಲ್ ಬಿಗಿ ಮಾಡು ಅಂದೆ ನೀನು. ಮಾಡ್ದೆ." ಅವಳ ಮಾತಿನಲ್ಲಿ ಚುಚ್ಚುವುದು ಏನೂ ಇರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು, ಅಷ್ಟೇ. "ಆಮೇಲೆ ಕಿಟಕಿ ಸರಳೂ ಸೊಟ್ಟ ಕಂಡ್ವು. ಅದಕ್ಕೆ ಯಾವ ಕೇಬಲ್ಲು? ವಯಸ್ಸಾಯ್ತು ಅಂದ್ಕೊಂಡೆ. ನೀನು ಅಷ್ಟು ಖುಷಿಯಾಗಿ ಫಸ್ಟ್ ಬಂದೆ ಫಸ್ಟ್ ಬಂದೆ ಅಂತಿದ್ದೆ. ಅದರ ನಡುವೆ ಇದೇನು ಹೇಳೋದು ಅನ್ನಿಸ್ತು."

"ನಾನು ಹೇಳ್ದೆ ಅಂತ ಆರಿಸದೆ ಬಿಟ್ಟೆ ಅಂದ್ಕೊಂಡಿದ್ದೆ ನಾನು."

"ಆರಿಸೋದಕ್ಕೂ ಕಣ್ಣು ಬೇಕಲ್ಲೋ," ಎಂದಳು ಅಕ್ಕ. "ಆ ಬಾಣ ಎಲ್ಲಿದೆ, ಎಲ್ಲಿ ಒತ್ಬೇಕು, ಏನೂ ತಿಳೀಲಿಲ್ಲ. ಕೊನೆಗೆ ಇರ್ಲಿ ಬಿಡು ಅಂತ ಬಿಟ್ಟೆ. ಆಮೇಲಾಮೇಲೆ ಅದರ ಸದ್ದೇ ಒಂದು ಜೊತೆ ಆಗೋಯ್ತು."

ರೀಡಿಂಗಪ್ಪನಿಗೆ ಮೇಷ್ಟ್ರ ಮನೆಯ ಬಾಗಿಲು ನೆನಪಾಯಿತು. ಆ ದಿನ ನಾಲ್ಕು ಜನರನ್ನು ಕೂಡಿಸಿ ಬೇರೆಯವರ ಬಾಗಿಲು ಒಡೆಸಿದವನು, ಚಿಲಕವನ್ನೇ ಹಾಕದ ಅಕ್ಕನ ಬಾಗಿಲನ್ನು ಐದು ತಿಂಗಳು ತಳ್ಳಿ ನೋಡಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅಕ್ಕನಿಗೆ ಕಾಣುವುದು ಅದೊಂದೇ ಎನ್ನುವುದು ಹೊಳೆದು, ಅವಳ ಎದುರಿನಿಂದ ಸರಿದು ನಿಂತ.

ಮರುದಿನ ರಜೆ ಹಾಕಿ ಅವಳನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಡಾಕ್ಟರು ಹೆಂಗಸು, ಮಾತು ಕಡಿಮೆ. ಹನಿ ಹಾಕಿ, ಕತ್ತಲ ಕೋಣೆಯಲ್ಲಿ ಕೂರಿಸಿ, ಎರಡೂ ಕಣ್ಣಿನ ಚಿತ್ರ ತೆಗೆದು, ಬಹಳ ಹೊತ್ತು ನೋಡಿದರು.

"ಗೆರೆಗಳು ಸೊಟ್ಟ ಕಾಣೋಕೆ ಶುರುವಾಗಿದ್ದು ಯಾವಾಗ?"

"ಇತ್ತೀಚೆಗೆ ಡಾಕ್ಟ್ರೇ," ಎಂದಳು ಅಕ್ಕ. "ಒಂದು ತಿಂಗಳು ಆಗಿರ್ಬೇಕು."

ಅವಳು ಯಾರನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆಂದು ಅವನಿಗೆ ತಿಳಿಯದೆ ಇರಲಿಲ್ಲ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಜೇಬಿನಿಂದ ಡೈರಿ ತೆಗೆದ.

"ಇಲ್ಲ ಡಾಕ್ಟ್ರೇ. ಏಳು ತಿಂಗಳಾಯ್ತು. ಟೈಪ್ ಮಾಡೋದು ನಿಲ್ಲಿಸಿ ಇಪ್ಪತ್ತೊಂದು ವಾರ."

ಡಾಕ್ಟರು ತಲೆಯೆತ್ತಿ ಅವನನ್ನು ನೋಡಿದರು. ಅಷ್ಟು ಸರಿಯಾಗಿ ಗೊತ್ತಿದ್ದೂ ಈಗ ಯಾಕೆ ಬಂದಿರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. "ಶುರುವಿನ ಒಂದೆರಡು ತಿಂಗಳಲ್ಲಿ ಬಂದಿದ್ರೆ ಓದೋ ದೃಷ್ಟಿ ಉಳಿಸ್ಕೊಳ್ಳೋಕೆ ಆಗ್ತಿತ್ತು," ಎಂದರು. "ಎಡಗಣ್ಣಿಗೆ ಈಗ ಮಾಡೋಕೆ ಏನೂ ಇಲ್ಲ. ಬಲಗಣ್ಣಲ್ಲಿ ಅಂಚಿಗೆ ಉಳಿದಿರೋದನ್ನ ಇಂಜೆಕ್ಷನ್ ಕೊಟ್ಟು ಹಿಡಿದಿಡೋಣ. ಓಡಾಡ್ಬಹುದು, ಅಡುಗೆ ಮಾಡ್ಕೋಬಹುದು. ಅಕ್ಷರ ಆಗಲ್ಲ."

"ಅಕ್ಷರ ಸಾಕಷ್ಟು ಆಯ್ತು ಬಿಡಿ," ಎಂದಳು ಅಕ್ಕ. ಹೇಳುವಾಗ ಅವಳ ಹತ್ತೂ ಬೆರಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು.

ಮನೆಗೆ ಬಂದಾಗ ಸಂಜೆ ನಾಲ್ಕು ಗಂಟೆ. ದಾರಿಯಲ್ಲಿ ಅವನು ನಮ್ಮ ಮನೆಗೆ ಬಂದುಬಿಡು ಎಂದು ಎರಡು ಸಲ ಕರೆದಿದ್ದ. ಅವಳು "ನನ್ನ ಡಬ್ಬಿಗಳೆಲ್ಲ ಎಲ್ಲೆಲ್ಲಿವೆ ಅಂತ ಕೈಗೆ ಗೊತ್ತಿರೋದು ಇಲ್ಲೇ, ಬೇಡ," ಎಂದಿದ್ದಳು. ಈಗ ಕಾಫಿ ಮಾಡುತ್ತೇನೆಂದು ಒಳಗೆ ಹೋದಳು. ನಾನು ಮಾಡುತ್ತೇನೆ ಎಂದು ಎದ್ದವನನ್ನು ಗದರಿಸಿ ಕೂರಿಸಿದಳು. ಅವನು ಬಾಗಿಲಿನಿಂದ ನೋಡಿದ. ಲೋಟಕ್ಕೆ ಕಾಫಿ ಸುರಿಯುವಾಗ ತೋರುಬೆರಳಿನ ತುದಿಯನ್ನು ಲೋಟದ ಒಳಗೆ ಇಳಿಬಿಟ್ಟುಕೊಂಡಿದ್ದಳು. ಬಿಸಿ ತಗುಲಿದೊಡನೆ ಸುರಿಯುವುದನ್ನು ನಿಲ್ಲಿಸಿದಳು. ಆ ಬೆರಳ ತುದಿ ಕೆಂಪಾಗಿತ್ತು. ಅವನು ಹೊರಕೋಣೆಗೆ ಬಂದು ಅವಳ ಕುರ್ಚಿಯಲ್ಲಿ ಕೂತ.

ಕಂಪ್ಯೂಟರ್ ಗುಂಯ್ ಎನ್ನುತ್ತಲೇ ಇತ್ತು. ಮುಸುಕು ತೆಗೆದು ಪಕ್ಕಕ್ಕಿಟ್ಟ. ಕೀಲಿಗಳ ಮೇಲೆ ಒಂದು ಧೂಳಿನ ಕಣವಿರಲಿಲ್ಲ. ದಿನಾ ಒರೆಸುತ್ತಿದ್ದಳೆಂದು ಕಾಣುತ್ತದೆ, ಯಾವುದೂ ಒತ್ತಿಹೋಗದ ಹಾಗೆ ಹಗುರವಾಗಿ. ಅವನು ಮೌಸಿನ ಮೇಲೆ ಬೆರಳಿಟ್ಟ. ಪರದೆ ಬೆಳಗಿತು. ಒಳಗಿನ ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತುಹೋಯಿತು.

ಒಳಗೆ ಲೋಟ ಇಟ್ಟ ಸದ್ದಾಯಿತು. "ಕರೆಂಟ್ ಹೋಯ್ತೇನೋ?"

"ಇಲ್ಲ ಅಕ್ಕ. ನಾನು ಮುಟ್ಟಿದೆ. ಇಲ್ಲೇ ಕೂತಿದೀನಿ."

ಅವಳು ಎರಡು ಲೋಟ ಹಿಡಿದು, ಕಾಲಿನಿಂದ ಹೊಸ್ತಿಲು ತಡವಿಕೊಂಡು ಬಂದಳು. ಒಂದನ್ನು ಅವನ ದನಿಯಿದ್ದ ಕಡೆ ಚಾಚಿದಳು. ಗೋಡೆಯ ಬದಿಗಿದ್ದ ಮಣೆಯ ಮೇಲೆ ಕೂತು, ಕಂಪ್ಯೂಟರಿನ ಕಡೆ ಕಿವಿಗೊಟ್ಟಳು.

"ಹೀಗೆ ನಿಲ್ಸಿದ್ರೆ ಪಟ್ಟೀಲಿ ಕೆಳಗೆ ಹೋಗ್ಬಿಡ್ತೀನಲ್ಲೋ."

"ಹೋಗು," ಎಂದ ರೀಡಿಂಗಪ್ಪ.

ಅವಳು ನಕ್ಕಳು. ಕಾಫಿ ಬಿಸಿಯಿತ್ತು; ಇಬ್ಬರೂ ಊದಿ ಊದಿ ಕುಡಿದರು. ಅಕ್ಕ ದರ್ಜಿಯ ಮಗಳಿಗೆ ಗಂಡು ನೋಡುತ್ತಿರುವ ವಿಷಯ ಹೇಳತೊಡಗಿದಳು. ಅವನು ಹೂಂಗುಟ್ಟುತ್ತ, ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನು ನೋಡುತ್ತ ಕೂತ. ಎರಡು ನಿಮಿಷ ಕಳೆದಾಗ, ಮೂರು ತುಂಬುವ ಮೊದಲೇ, ಒಂದು ಬೆರಳಿನಿಂದ ಮೌಸನ್ನು ಸ್ವಲ್ಪ ಅಲುಗಿಸಿದ. ಇನ್ನೆರಡು ನಿಮಿಷಕ್ಕೆ ಮತ್ತೆ ಅಲುಗಿಸಿದ.